ರಿಪೋರ್ಟ್ "ಬಾರ್ಡರ್" ಅಂದ್ರೆ ಏನ್ಮಾಡ್ಬೇಕು? ಟೇಪಿನಿಂದ ಶುರು ಮಾಡಿ

ನಾನು ಡಾಕ್ಟರ್ ಅಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಹಾಸನದಲ್ಲಿ ಒಂದು ಲ್ಯಾಬಲ್ಲಿ ರಕ್ತ ತೆಗೆಯೋದು, ರಿಪೋರ್ಟ್ ಕೊಡೋದು ನನ್ನ ಕೆಲಸ. ಕೌಂಟರ್ ಆಚೆಯಿಂದ ವಾರಕ್ಕೆ ಹತ್ತು ಸಲ ಬರೋ ಪ್ರಶ್ನೆ ಒಂದೇ, "ಬಾರ್ಡರ್ ಅಂತೆ, ಹಂಗಂದ್ರೆ ಶುಗರ್ ಇಲ್ಲ ತಾನೇ?" ಅಂತ. ಇಲ್ಲ ಅಂದ್ರೆ ಸುಳ್ಳಾಗುತ್ತೆ, ಇದೆ ಅಂದ್ರೂ ಸುಳ್ಳಾಗುತ್ತೆ, ನಿಂತ್ಕೊಂಡು ವಿವರಿಸೋಣ ಅಂದ್ರೆ ಹಿಂದೆ ಕ್ಯೂ ಇರುತ್ತೆ. ಅದಕ್ಕೇ ಎಲ್ಲಾನೂ ಒಂದ್ಕಡೆ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ (ಕಾಫಿ ವಿಷಯನೂ ಕೆಳಗಡೆ ಬರುತ್ತೆ).

ಒಂದು ಎಚ್ಚರಿಕೆ ಮೊದಲು. ಬಾಯಿ ಒಣಗೋದು, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳೋದು, ಕಾರಣ ಇಲ್ದೆ ತೂಕ ಇಳೀತಿರೋದು, ಇವೆಲ್ಲ ಒಟ್ಟಿಗೆ ಇದ್ರೆ ಈ ಲೇಖನ ನಿಮಗಲ್ಲ, ಇವತ್ತೇ ಡಾಕ್ಟರ್ ಹತ್ರ ಹೋಗಿ. ಅದ್ರಲ್ಲೂ ಮಕ್ಕಳಲ್ಲಿ, ಸಣ್ಣ ವಯಸ್ಸಿನವರಲ್ಲಿ ಹಿಂಗಾದ್ರೆ ಒಂದು ದಿನಾನೂ ಕಾಯ್ಬೇಡಿ, ವಾಂತಿ, ಏದುಸಿರು ಶುರುವಾದ್ರೆ ಸೀದಾ ಎಮರ್ಜೆನ್ಸಿಗೆ ಹೋಗಿ.

ಇನ್ಸುಲಿನ್ ರೆಸಿಸ್ಟೆನ್ಸ್ ಅಂದ್ರೇನು

ನಾವು ತಿಂದ ಅನ್ನ, ಮುದ್ದೆ, ರೊಟ್ಟಿ ಎಲ್ಲ ಗ್ಲೂಕೋಸ್ ಆಗಿ ರಕ್ತಕ್ಕೆ ಬರುತ್ತೆ. ಅದನ್ನ ಮಾಂಸಖಂಡ, ಲಿವರ್ರು, ಕೊಬ್ಬಿನ ಕೋಶ ಒಳಗೆ ಎಳ್ಕೋಬೇಕು ಅಂದ್ರೆ ಇನ್ಸುಲಿನ್ ಅನ್ನೋ ಹಾರ್ಮೋನು ಕರೀಬೇಕು. ಮೊಬೈಲ್ ನೋಡ್ಕೊಂಡು ಕೂತಿರೋ ಮಗನ್ನ ಅಮ್ಮ ಊಟಕ್ಕೆ ಕರೆದಂಗೆ ಅಂದ್ಕೊಳಿ. ಮುಂಚೆ ಒಂದು ಕೂಗಿಗೆ ಎದ್ದು ಬರ್ತಿದ್ದೋನು ಈಗ ನಾಲ್ಕು ಕೂಗಿಗೆ ಬರ್ತಾನೆ. ಕೋಶಗಳು ಹಿಂಗೆ ಮೊದಲನೇ ಕೂಗಿಗೆ ಓಗೊಡದೆ ಇರೋದಕ್ಕೇ ಇನ್ಸುಲಿನ್ ರೆಸಿಸ್ಟೆನ್ಸ್ ಅನ್ನೋದು. ಅಮ್ಮ ಕೂಗ್ತಾನೇ ಇರೋವರೆಗೆ, ಅಂದ್ರೆ ಮೇದೋಜೀರಕ ಗ್ರಂಥಿ ಜಾಸ್ತಿ ಜಾಸ್ತಿ ಇನ್ಸುಲಿನ್ ಬಿಡ್ತಾ ಇರೋವರೆಗೆ, ರಿಪೋರ್ಟಲ್ಲಿ ಶುಗರ್ ನಾರ್ಮಲ್ಲೇ ಬರುತ್ತೆ. ವರ್ಷಗಟ್ಲೆ ಹಿಂಗೇ ನಡೆಯುತ್ತೆ. ಅಮ್ಮನ ಗಂಟಲು ಕಟ್ಟೋಕೆ ಶುರುವಾದಾಗ ಶುಗರ್ ಮೆಲ್ಲಗೆ ಏರುತ್ತೆ, ಆಗ ಬರೋ ರಿಪೋರ್ಟೇ ಬಾರ್ಡರ್ರು, ಡಾಕ್ಟರ್ ಭಾಷೇಲಿ ಪ್ರೀಡಯಾಬಿಟಿಸ್. ಅಂದ್ರೆ ಬಾರ್ಡರ್ ಅನ್ನೋದು ಶುರುವಲ್ಲ, ಸುಮಾರು ದೂರ ಬಂದಾಗಿದೆ. ಆದ್ರೆ ವಾಪಸ್ ಹೋಗೋ ದಾರಿ ಇನ್ನೂ ಇದೆ.

ಒಬ್ಬಿಬ್ಬರ ಕತೆ ಅಲ್ಲ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ ತುಂಬಾ ಮಾಡಿದ ಇಂಡಿಯಾಬ್ ಸರ್ವೆ ಫಲಿತಾಂಶ 2023ರಲ್ಲಿ ಬಂತು, ಅದ್ರ ಪ್ರಕಾರ ದೊಡ್ಡವರಲ್ಲಿ 100ಕ್ಕೆ 11 ಜನಕ್ಕೆ ಶುಗರ್ ಇದೆ, ಇನ್ನೂ 15 ಜನ ಬಾರ್ಡರಲ್ಲಿದಾರೆ.

ಹಂತ 1: ಟೇಪು ತಗೊಳಿ

ಸೂಜಿಗಿಂತ ಮುಂಚೆ ಟೇಪು, ಟೈಲರ್ ಟೇಪು ಸಾಕು. ಕೊನೇ ಪಕ್ಕೆಲುಬು ಎಲ್ಲಿ ಮುಗಿಯುತ್ತೆ, ಸೊಂಟದ ಮೂಳೆ ಎಲ್ಲಿ ಶುರುವಾಗುತ್ತೆ, ಎರಡನ್ನೂ ಬೆರಳಲ್ಲಿ ಮುಟ್ಟಿ ನೋಡ್ಕೊಂಡು ಅವುಗಳ ಮಧ್ಯಕ್ಕೆ ಟೇಪು ಸುತ್ತಿ. ಬರೀ ಮೈ ಮೇಲೆ ಅಳೀರಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಿ, ಹೊಟ್ಟೆ ಒಳಗೆ ಎಳ್ಕೋಬೇಡಿ (ಎಲ್ರೂ ಎಳ್ಕೋತಾರೆ, ಕನ್ನಡಿ ಮುಂದೆ ಅಂತೂ ಇನ್ನೂ ಜಾಸ್ತಿ). ನಮ್ಮ ಕಡೆ ಜನಕ್ಕೆ ಗಂಡಸರಿಗೆ 90 ಸೆಂಟಿಮೀಟರ್ ಅಂದ್ರೆ ಸುಮಾರು 35 ಇಂಚು, ಹೆಂಗಸರಿಗೆ 80 ಅಂದ್ರೆ ಸುಮಾರು 31 ಇಂಚು, ಇದು ಗೆರೆ.

ಇಲ್ಲಿ ಗಂಡಸರು ಮಾಡೋ ದೊಡ್ಡ ತಪ್ಪು ಅಂದ್ರೆ ಪ್ಯಾಂಟ್ ಸೈಜ್ ಹೇಳೋದು. "ನಂದು 34 ಸಾರ್" ಅಂತಾರೆ, ಪ್ಯಾಂಟು ಕೂತಿರೋದು ಹೊಟ್ಟೆ ಕೆಳಗೆ, ಹೊಟ್ಟೆ ಅಳೆದ್ರೆ 40. ಉಡಿದಾರ ಕಟ್ಟೋರಾದ್ರೆ ಅದೇ ಸಾಕ್ಷಿ, ಎಷ್ಟು ಸಲ ಸಡಿಲ ಮಾಡಿದೀರ ನೆನಪು ಮಾಡ್ಕೊಳಿ.

ಟೇಪು ಇಲ್ಲಾಂದ್ರೆ ದಾರ ಆದ್ರೂ ಆಗುತ್ತೆ. ನಿಮ್ಮ ಎತ್ತರಕ್ಕೆ ಸರಿಯಾಗಿ ದಾರ ಕತ್ತರಿಸಿ, ಅರ್ಧಕ್ಕೆ ಮಡಚಿ, ಹೊಟ್ಟೆ ಸುತ್ತ ತನ್ನಿ. ಎರಡು ತುದಿ ಕೂಡದೇ ಇದ್ರೆ ಹೊಟ್ಟೆ ಜಾಸ್ತಿ ಅಂತಾನೇ. ಊರಲ್ಲಿ ಅಪ್ಪ ಅಮ್ಮನಿಗೆ ಇದನ್ನ ಮಾಡಿಸಿ, ನಂಬರ್ ಗೊತ್ತಾಗದಿದ್ರೂ ದಾರ ಸಾಲ್ಲಿಲ್ಲ ಅನ್ನೋದು ಗೊತ್ತಾಗುತ್ತೆ.

"ನಾನು ಸಣ್ಣ ಇದೀನಲ್ಲ" ಅನ್ನೋರಿಗೂ ಒಂದು ಮಾತು, ಕೈಕಾಲು ಸಣ್ಣ ಇದ್ದು ಹೊಟ್ಟೆ ಮಾತ್ರ ಮುಂದೆ ಬಂದಿರೋದು ನಮ್ಮ ದೇಶದವರ ಮೈಕಟ್ಟಿನ ಗುಣ, ಕೊಬ್ಬು ಒಳಗಡೆ, ಲಿವರ್ ಸುತ್ತ ಕೂತಿರುತ್ತೆ. ಬೇರೆ ಗುರುತುಗಳೂ ಇವೆ. ಕತ್ತಿನ ಹಿಂದೆ, ಕಂಕುಳಲ್ಲಿ ವೆಲ್ವೆಟ್ ಬಟ್ಟೆ ಥರ ಕಪ್ಪಾಗಿರೋದು, ಅದು ಕೊಳೆ ಅಲ್ಲ, ಉಜ್ಜಿದ್ರೆ ಹೋಗಲ್ಲ, ದಯವಿಟ್ಟು ಮಕ್ಕಳ ಕತ್ತನ್ನ ಉಜ್ಜಿ ಉಜ್ಜಿ ಕೆಂಪು ಮಾಡ್ಬೇಡಿ, ಡಾಕ್ಟರಿಗೆ ತೋರಿಸಿ. ಪಿಸಿಓಡಿ (ಅಂಡಾಶಯದಲ್ಲಿ ಸಣ್ಣ ನೀರುಗುಳ್ಳೆ ಆಗೋ ತೊಂದರೆ) ಇರೋ ಹೆಣ್ಮಕ್ಕಳು, ಬಸಿರಲ್ಲಿ ಶುಗರ್ ಬಂದು ಹೋಗಿದ್ದೋರು, ಇವರಿಗೂ ಅಪಾಯ ಜಾಸ್ತಿ. ಬಸಿರಲ್ಲಿ ಬಂದಿದ್ದೋರು ಹೆರಿಗೆ ಆಗಿ 6ರಿಂದ 12 ವಾರದೊಳಗೆ ಒಂದು ಸಲ, ಆಮೇಲೂ ವರ್ಷ ವರ್ಷ ಟೆಸ್ಟ್ ಮಾಡಿಸ್ಬೇಕು, ಮಗು ಆಯ್ತಲ್ಲ ಅಂತ ಎಲ್ರೂ ಮರೆತೇಬಿಡ್ತಾರೆ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ "ಗ್ರೇಡ್ 1 ಫ್ಯಾಟಿ ಲಿವರ್" ಅಂತ ಬರೆದಿರ್ತಾರಲ್ಲ, ಅಂದ್ರೆ ಲಿವರಲ್ಲಿ ಕೊಬ್ಬು ಕೂತಿದೆ ಅಂತ, ಅದನ್ನೂ ತಳ್ಳಿಹಾಕ್ಬೇಡಿ, ಇನ್ಸುಲಿನ್ ರೆಸಿಸ್ಟೆನ್ಸಿನ ಜೊತೆಗಾರ ಅದು.

ಹಂತ 2: ಅಂಕ ಕೂಡಿ

ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು 2005ರಲ್ಲಿ ನಮ್ಮ ಜನಕ್ಕೆ ಅಂತಾನೇ ಒಂದು ಅಂಕಪಟ್ಟಿ ಮಾಡಿದ್ರು, ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್ ಅಂತ. ರಕ್ತ ಬೇಡ, ದುಡ್ಡು ಬೇಡ, ನಾಲ್ಕೇ ಪ್ರಶ್ನೆ.

ವಯಸ್ಸು: 35ರ ಒಳಗೆ 0, 35ರಿಂದ 49 ಆದ್ರೆ 20, 50 ಅಥವಾ ಮೇಲೆ 30.
ಹೊಟ್ಟೆ ಸುತ್ತಳತೆ (ಸೆಂಟಿಮೀಟರಲ್ಲಿ): ಗಂಡಸರಿಗೆ 90ರ ಒಳಗೆ 0, 90ರಿಂದ 99ಕ್ಕೆ 10, 100 ಅಥವಾ ಮೇಲೆ 20. ಹೆಂಗಸರಿಗೆ 80ರ ಒಳಗೆ 0, 80ರಿಂದ 89ಕ್ಕೆ 10, 90 ಅಥವಾ ಮೇಲೆ 20.
ಮೈಗೆ ಕೆಲಸ: ವ್ಯಾಯಾಮನೂ ಇದೆ, ಮೈಮುರಿಯೋ ಕೆಲಸನೂ ಇದೆ ಅಂದ್ರೆ 0, ಎರಡರಲ್ಲಿ ಒಂದಿದ್ರೆ 20, ಎರಡೂ ಇಲ್ಲ ಅಂದ್ರೆ 30.
ಅಪ್ಪ ಅಮ್ಮ: ಇಬ್ಬರಿಗೂ ಶುಗರ್ ಇಲ್ಲ ಅಂದ್ರೆ 0, ಒಬ್ಬರಿಗಿದ್ರೆ 10, ಇಬ್ಬರಿಗೂ ಇದ್ರೆ 20.

ಒಟ್ಟು 100ಕ್ಕೆ 60 ಅಥವಾ ಜಾಸ್ತಿ ಬಂದ್ರೆ ಅಪಾಯ ಜಾಸ್ತಿ, 30ರಿಂದ 50 ಮಧ್ಯಮ, 30ರ ಒಳಗೆ ಕಮ್ಮಿ. ಅಂಗಡೀಲಿ ಕೂರೋ 42 ವರ್ಷದವರೊಬ್ರು, ಹೊಟ್ಟೆ 94, ವ್ಯಾಯಾಮ ಇಲ್ಲ, ಅಮ್ಮನಿಗೆ ಶುಗರ್ ಇದೆ ಅಂದ್ಕೊಳಿ. 20, 10, 30, 10 ಸೇರಿ 70. ವಯಸ್ಸು, ಅಮ್ಮ ಎರಡೂ ಬದಲಾಗಲ್ಲ. ಆದ್ರೆ ದಿನಾ ನಡೆದು ಹೊಟ್ಟೆ 90ರ ಒಳಗೆ ತಂದ್ರೆ ಅದೇ ಮನುಷ್ಯನಿಗೆ 50.

ಹುಷಾರು, ಕಾಫಿ ತೋಟಕ್ಕೆ ಬೈಕಲ್ಲೋ ಜೀಪಲ್ಲೋ ಹೋಗಿ, ಕೆಲಸದವರು ಗೊಬ್ಬರ ಹಾಕೋದನ್ನ ನಿಂತು ನೋಡ್ಕೊಂಡು ಬರೋದು ಮೈಮುರಿಯೋ ಕೆಲಸ ಅಲ್ಲ. ಮನೆ ಒಳಗೆ ಹತ್ತು ಸಲ ಓಡಾಡ್ತೀನಿ ಅನ್ನೋದೂ ವ್ಯಾಯಾಮದ ಲೆಕ್ಕಕ್ಕೆ ಬರಲ್ಲ.

ಹಂತ 3: ಟೆಸ್ಟು, ಸರಿಯಾಗಿ

ಅಂಕ 60 ಅಥವಾ ಜಾಸ್ತಿ ಬಂದ್ರೆ, ಇಲ್ಲ 30 ವರ್ಷ ಆಗಿ ಒಂದು ಸಲಾನೂ ನೋಡಿಸಿಲ್ಲ ಅಂದ್ರೆ, ಟೆಸ್ಟ್ ಮಾಡಿಸಿ. 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ಉಚಿತವಾಗಿ ನೋಡ್ತಾರೆ, ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರ್ಮ್ ತುಂಬಿಸ್ಕೋತಾರಲ್ಲ ಅದು ಇದಕ್ಕೇನೇ, ಬಾಗಿಲು ಹಾಕ್ಕೋಬೇಡಿ.

ಟೆಸ್ಟ್ ಮೂರು ಥರ. ಮೊದಲನೇದು ಖಾಲಿ ಹೊಟ್ಟೆ ಶುಗರ್. 100ರ ಒಳಗೆ ನಾರ್ಮಲ್, 100ರಿಂದ 125 ಬಾರ್ಡರ್, 126 ಅಥವಾ ಮೇಲೆ ಶುಗರ್ ಕಾಯಿಲೆ. ಎರಡನೇದು ಎಚ್‌ಬಿಎ1ಸಿ, ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತೆ, ಊಟ ಮಾಡ್ಕೊಂಡೇ ಬರಬಹುದು. 5.7ರ ಒಳಗೆ ನಾರ್ಮಲ್, 5.7ರಿಂದ 6.4 ಬಾರ್ಡರ್, 6.5 ಅಥವಾ ಮೇಲೆ ಶುಗರ್. ಮೂರನೇದು ಗ್ಲೂಕೋಸ್ ಕುಡಿಸಿ ನೋಡೋದು, 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿ ಕೊಡ್ತಾರೆ, 2 ಗಂಟೆ ಆದ್ಮೇಲೆ ರಕ್ತ ತಗೋತಾರೆ, 140ರ ಒಳಗೆ ನಾರ್ಮಲ್, 140ರಿಂದ 199 ಬಾರ್ಡರ್, 200 ಅಥವಾ ಮೇಲೆ ಶುಗರ್. ಖಾಲಿ ಹೊಟ್ಟೇಲಿ ನಾರ್ಮಲ್ ಬಂದು ಇದ್ರಲ್ಲಿ ಸಿಕ್ಕಿಹಾಕ್ಕೊಳೋರು ಸುಮಾರು ಜನ ಇದಾರೆ. ಲಕ್ಷಣ ಏನೂ ಇಲ್ದೇ ಶುಗರ್ ಅಂತ ಬಂದ್ರೆ ಒಂದೇ ರಿಪೋರ್ಟ್ ನಂಬ್ಕೊಂಡು ಅಳೋಕೆ ಕೂರ್ಬೇಡಿ, ಇನ್ನೊಂದು ಟೆಸ್ಟ್ ಮಾಡಿ ಖಾತ್ರಿ ಮಾಡ್ಕೋಬೇಕು.

ಈಗ ನಾನು ದಿನಾ ನೋಡೋ ತಪ್ಪುಗಳು. ಖಾಲಿ ಹೊಟ್ಟೆ ಅಂದ್ರೆ ಕನಿಷ್ಠ 8 ಗಂಟೆ ನೀರು ಬಿಟ್ಟು ಏನೂ ಇಲ್ಲ. ನಮ್ಮ ಊರಲ್ಲಿ ಕಾಫಿನ ಯಾರೂ ಊಟದ ಲೆಕ್ಕಕ್ಕೆ ಹಿಡಿಯಲ್ಲ, "ಏನೂ ತಿಂದಿಲ್ಲ, ಬರೀ ಅರ್ಧ ಲೋಟ ಕಾಫಿ" ಅಂತಾರೆ. ಹಾಲು, ಸಕ್ಕರೆ ಹಾಕಿದ ಕಾಫಿ ಕುಡಿದ ಮೇಲೆ ಖಾಲಿ ಹೊಟ್ಟೆ ಎಲ್ಲಿಂದ ಬಂತು? ಸಕ್ಕರೆ ಇಲ್ದಿರೋ ಕರೀ ಕಾಫಿನೂ ಬೇಡ. ಇನ್ನು ಟೆಸ್ಟ್ ಇದೆ ಅಂತ ಮೂರು ದಿನ ಬರೀ ಸೌತೆಕಾಯಿ ತಿಂದು ಬರ್ತಾರೆ, ಪರೀಕ್ಷೆ ಹಿಂದಿನ ರಾತ್ರಿ ಓದಿದಂಗೆ. ಹಂಗೆ ಮಾಡಿದ್ರೆ ಗ್ಲೂಕೋಸ್ ಟೆಸ್ಟು ಉಲ್ಟಾ ಜಾಸ್ತೀನೂ ತೋರಿಸ್ಬಹುದು, ಮಾಮೂಲಿ ಊಟಾನೇ ಮಾಡಿ. ಗ್ಲೂಕೋಸ್ ಕುಡಿದ ಆ 2 ಗಂಟೆ ಕೂತಿರಬೇಕು, ಬಸ್‌ಸ್ಟ್ಯಾಂಡ್ ಕಡೆ ಹೋಗಿ ಒಂದು ಬೀಡಿ ಎಳ್ಕೊಂಡು ಸಂತೆ ಮುಗಿಸ್ಕೊಂಡು ಬರಂಗಿಲ್ಲ. ಜ್ವರ ಬಂದು ಎದ್ದಿದ್ರೆ, ಸ್ಟೀರಾಯ್ಡ್ ಮಾತ್ರೆ ತಗೋತಿದ್ರೆ ಮೊದ್ಲೇ ಹೇಳಿ. ರಕ್ತ ಕಮ್ಮಿ ಇರೋರಿಗೆ ಎಚ್‌ಬಿಎ1ಸಿ ಸರಿಯಾಗಿ ಬರಲ್ಲ, ಕಬ್ಬಿಣಾಂಶದ ಕೊರತೆ ಇದ್ರೆ ಸುಳ್ಳೇ ಜಾಸ್ತಿ ತೋರಿಸ್ಬಹುದು, ಹಿಮೋಗ್ಲೋಬಿನ್ ಕಮ್ಮಿ ಇರೋ ಹೆಂಗಸರು ಇದನ್ನ ಡಾಕ್ಟರಿಗೆ ನೆನಪಿಸಿ. ಮನೇಲಿ ಬೆರಳಿಗೆ ಚುಚ್ಚೋ ಮಷೀನು ಕಾಯಿಲೆ ಇರೋರು ಗಮನ ಇಟ್ಕೊಳೋಕೆ, ಕಾಯಿಲೆ ಇದೆಯೋ ಇಲ್ವೋ ತೀರ್ಮಾನ ಮಾಡೋಕಲ್ಲ.

"ಇನ್ಸುಲಿನ್ ಲೆವೆಲ್ಲೇ ಟೆಸ್ಟ್ ಮಾಡಿಬಿಡಿ" ಅಂತ ಈಗ ತುಂಬಾ ಜನ ಕೇಳ್ತಾರೆ. ನಾನು ಲ್ಯಾಬ್‌ನೋನೇ ಆದ್ರೂ ಹೇಳ್ತೀನಿ, ಡಾಕ್ಟರ್ ಬರ್ಕೊಡದೇ ಅದಕ್ಕೆ ದುಡ್ಡು ಸುರೀಬೇಡಿ. ಲ್ಯಾಬಿಂದ ಲ್ಯಾಬಿಗೆ ನಂಬರ್ ಬೇರೆ ಬರುತ್ತೆ, ಎಲ್ಲರೂ ಒಪ್ಪಿರೋ ಗೆರೆ ಅಂತ ಒಂದಿಲ್ಲ, ಏನೇ ಬಂದ್ರೂ ಮಾಡ್ಬೇಕಾಗಿರೋದು ಅದೇ. ಅದ್ರ ಬದ್ಲು ಲಿಪಿಡ್ ಪ್ರೊಫೈಲ್, ಅಂದ್ರೆ ರಕ್ತದಲ್ಲಿರೋ ಕೊಬ್ಬಿನ ಟೆಸ್ಟು ಮಾಡಿಸಿ, ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು 150 ದಾಟಿದೆಯಾ, ಒಳ್ಳೇ ಕೊಲೆಸ್ಟ್ರಾಲ್ ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಕಮ್ಮಿ ಇದೆಯಾ ನೋಡಿ. ಹೊಟ್ಟೆ ಜೊತೆ ಇವೆರಡೂ ಇದ್ರೆ ಒಳಗೆ ಏನು ನಡೀತಿದೆ ಅಂತ ಡಾಕ್ಟರಿಗೆ ಗೊತ್ತಾಗುತ್ತೆ. 2025ರ ಜೂನ್ ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ಟಿವೀಲಿ ಬಂದಿದ್ದೇ ಬಂದಿದ್ದು, ಜನ ಚೆಕಪ್ಪಿಗೆ ಅಂತ ಮೈಸೂರಿನ ಜಯದೇವ ಹೃದಯದ ಆಸ್ಪತ್ರೆ ಮುಂದೆ ಕ್ಯೂ ನಿಂತ್ರು. ಹೆದರಿಕೆ ಅರ್ಥ ಆಗುತ್ತೆ. ಆದ್ರೆ ಇಸಿಜಿ ಆ ಹೊತ್ತಿನ ಹೃದಯದ ಬಡಿತ ತೋರಿಸುತ್ತೆ, ಹತ್ತು ವರ್ಷದಿಂದ ರಕ್ತನಾಳ ಹಾಳು ಮಾಡ್ತಿರೋ ಶುಗರ್, ಬಿಪಿ, ಕೊಬ್ಬು, ಬೀಡಿ ಸಿಗರೇಟು ಇವೆಲ್ಲ ಇಸಿಜೀಲಿ ಕಾಣಲ್ಲ.

ಹಂತ 4: ತಟ್ಟೆ

ಇದೇ ಕಷ್ಟದ ಹಂತ, ಯಾಕಂದ್ರೆ ಎಲ್ಲರೂ "ಏನು ಬಿಡ್ಬೇಕು" ಅಂತ ಕೇಳ್ತಾರೆ. ಬಿಡೋದಕ್ಕಿಂತ ಅಳತೆ ಬದಲಾಯ್ಸೋದು ಮುಖ್ಯ. ತಟ್ಟೇಲಿ ಅರ್ಧ ಸೊಪ್ಪು ತರಕಾರಿ, ಕಾಲು ಭಾಗ ಕಾಳು, ಮೊಟ್ಟೆ, ಮೀನು, ಕೋಳಿ ಇವುಗಳಲ್ಲಿ ಯಾವುದಾದ್ರೂ, ಉಳಿದ ಕಾಲು ಭಾಗದಲ್ಲಿ ಅನ್ನ ಅಥವಾ ಮುದ್ದೆ ಅಥವಾ ರೊಟ್ಟಿ. "ಅಥವಾ" ಅಂದಿದೀನಿ ನೋಡಿ, ನಮ್ಮಲ್ಲಿ ಮುದ್ದೆ ಆದ್ಮೇಲೆ ಅನ್ನ ಉಣ್ಣದೆ ಊಟ ಮುಗಿಯೋದೇ ಇಲ್ಲ, ಮೊದಲು ಕತ್ತರಿ ಬೀಳ್ಬೇಕಾಗಿರೋದು ಅಲ್ಲಿಗೆ.

ರಾಗಿ ವಿಷಯದಲ್ಲಿ ಜನ ಬೇಜಾರು ಮಾಡ್ಕೋತಾರೆ ಆದ್ರೂ ಹೇಳ್ತೀನಿ. ರಾಗಿ ಒಳ್ಳೇದೇ, ನಾರು ಇದೆ, ಸುಣ್ಣದಂಶ (ಕ್ಯಾಲ್ಸಿಯಂ) ಇದೆ. ಆದ್ರೆ 100 ಗ್ರಾಂ ರಾಗೀಲೂ ಸುಮಾರು 70 ಗ್ರಾಂ ಪಿಷ್ಟಾನೇ, ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಎರಡು ಮುದ್ದೆ ಇಳಿಸಿದ್ರೆ ಶುಗರ್ ಏರೇ ಏರುತ್ತೆ. ಒಂದು ಸಣ್ಣ ಮುದ್ದೆ, ಜೊತೆಗೆ ಹುರುಳಿಕಾಳಿನ ಬಸ್ಸಾರು, ಅದೇ ಸೊಪ್ಪಿನ ಪಲ್ಯ ತಟ್ಟೆ ತುಂಬ, ಇದಕ್ಕಿಂತ ಒಳ್ಳೇ ಊಟ ಯಾವ ಡಯಟ್ ಚಾರ್ಟಲ್ಲೂ ಸಿಗಲ್ಲ. ಮಸ್ಸೊಪ್ಪು, ಉಪ್ಸಾರು, ಚಳಿಗಾಲದಲ್ಲಿ ಅವರೆಕಾಳು, ಎಲ್ಲಾ ಸರಿ. ಮಲೆನಾಡಿನ ಕಡೆಯವರಿಗೆ ಅಕ್ಕಿ ರೊಟ್ಟಿ, ಕಡುಬು, ನೀರುದೋಸೆ ಇವು ಬೇರೆ ಬೇರೆ ವೇಷದ ಅನ್ನಾನೇ, ಲೆಕ್ಕ ಒಂದೇ. ನಮ್ಮ ಹಾಸನದ ಆಲೂಗಡ್ಡೆ ಕೂಡ ತರಕಾರಿ ಲೆಕ್ಕಕ್ಕಲ್ಲ, ಅನ್ನದ ಲೆಕ್ಕಕ್ಕೆ. ಚಪಾತಿ ಜೊತೆ ಆಲೂಗಡ್ಡೆ ಪಲ್ಯ ತಿಂದು "ರಾತ್ರಿ ಅನ್ನ ಬಿಟ್ಟಿದೀನಿ" ಅಂತ ನೆಮ್ಮದಿಯಾಗಿ ಮಲಗೋರು ಎಷ್ಟು ಜನ ಗೊತ್ತಾ.

ಉಣ್ಣೋವಾಗ ಪಲ್ಯ, ಕಾಳು ಮೊದ್ಲು ತಿಂದು ಅನ್ನ ಕೊನೇಗೆ ತಿಂದ್ರೆ ಶುಗರ್ ಏರೋದು ನಿಧಾನ ಆಗುತ್ತೆ, ಖರ್ಚಿಲ್ಲದ ಉಪಾಯ.

ಕಾಫಿ ಲೆಕ್ಕ ಈಗ. ಲೋಟಕ್ಕೆ 2 ಚಮಚ ಸಕ್ಕರೆ, ದಿನಕ್ಕೆ 5 ಲೋಟ, ಚಮಚಕ್ಕೆ 5 ಗ್ರಾಂ ಹಿಡಿದ್ರೂ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕೆಜಿ, ಒಬ್ಬರಿಗೇ. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಕಾಫಿ ಬಿಡಿ ಅಂತ ಕಾಫಿ ಸೀಮೇಲಿ ಕೂತು ಹೇಳೋ ಧೈರ್ಯ ನನಗಿಲ್ಲ, ಬಿಡೋದೂ ಬೇಡ. ಎರಡು ವಾರಕ್ಕೊಮ್ಮೆ ಅರ್ಧ ಚಮಚ ಇಳಿಸ್ತಾ ಬನ್ನಿ, ಎರಡು ತಿಂಗಳಲ್ಲಿ ನಾಲಿಗೆ ಒಗ್ಗುತ್ತೆ. ಬೆಲ್ಲ ಹಾಕಿದ್ರೆ ಏನೂ ಆಗಲ್ಲ ಅನ್ನೋದು ಸುಳ್ಳು, ಬೆಲ್ಲ ಜೇನು ಎಲ್ಲಾ ರಕ್ತಕ್ಕೆ ಹೋದ್ಮೇಲೆ ಒಂದೇ. ಕಾಫಿ ಜೊತೆ ಬರೋ ಬನ್ನು, ಖಾರ ಬಿಸ್ಕತ್ತು, ದಿಲ್‌ಪಸಂದ್ ಇನ್ನೊಂದು ಕತೆ, ಅಯ್ಯಂಗಾರ್ ಬೇಕರಿ ಮೂಲಾನೇ ನಮ್ಮ ಜಿಲ್ಲೆ, ಹೆಮ್ಮೆ ಇರಲಿ, ಆದ್ರೆ ದಿನಾ ಸಂಜೆ ಬೇಡ.

ಹಂತ 5: ನಡಿಗೆ

ಇನ್ಸುಲಿನ್ ಮಾತು ಕೇಳಿ ಸಕ್ಕರೆ ಎಳ್ಕೊಳೋ ಅಂಗಗಳಲ್ಲಿ ಮಾಂಸಖಂಡಾನೇ ದೊಡ್ಡದು. ಅದು ಕೆಲಸ ಮಾಡ್ತಿರೋವಾಗ ಇನ್ಸುಲಿನ್ ಕರೀದೇ ಇದ್ರೂ ಸಕ್ಕರೆ ಎಳ್ಕೊಳುತ್ತೆ, ಮಗ ಮೊಬೈಲ್ ಬಿಟ್ಟು ಹಸ್ಕೊಂಡು ತಾನೇ ಅಡುಗೆಮನೆಗೆ ಬಂದಂಗೆ. ಈ ಪರಿಣಾಮ ಒಂದೆರಡು ದಿನ ಇರುತ್ತೆ ಅಷ್ಟೇ, ಅದಕ್ಕೇ ಭಾನುವಾರ ಒಂದೇ ದಿನ 10 ಕಿಲೋಮೀಟರ್ ನಡೆದು ಆರು ದಿನ ಕೂರೋದು ಅಷ್ಟು ಪ್ರಯೋಜನಕ್ಕೆ ಬರಲ್ಲ. ವಾರಕ್ಕೆ 150 ನಿಮಿಷ, ಅಂದ್ರೆ ದಿನಕ್ಕೆ 30 ನಿಮಿಷದಂಗೆ 5 ದಿನ, ಮಾತಾಡಬಹುದು ಆದ್ರೆ ಹಾಡೋಕಾಗಬಾರ್ದು ಅನ್ನೋ ವೇಗದಲ್ಲಿ. ಎರಡು ದಿನ ಮಾಂಸಖಂಡಕ್ಕೆ ಭಾರ ಬೀಳೋ ವ್ಯಾಯಾಮ, ಜಿಮ್ ಬೇಕಿಲ್ಲ, ಕುರ್ಚಿಯಿಂದ ಕೈ ಊರದೇ 10 ಸಲ ಎದ್ದು ಕೂರೋದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯೋದು ಸಾಕು. ಊಟ ಆದ್ಮೇಲೆ 10 ರಿಂದ 15 ನಿಮಿಷ ಓಡಾಡಿದ್ರೆ ಆ ಊಟದ ಶುಗರ್ ಏರೋದು ಕಮ್ಮಿ ಆಗುತ್ತೆ.

ನಗರದಲ್ಲಿರೋರಿಗೆ ಮಹಾರಾಜ ಪಾರ್ಕ್ ಇದೆ, ಸ್ಟೇಡಿಯಂ ಇದೆ. ಸಕಲೇಶಪುರ, ಆಲೂರು, ಬೇಲೂರು ಕಡೆಯವರು ಬೆಳಗಿನ ಜಾವ ವಾಕಿಂಗ್ ಹೋಗಿ ಅಂದ್ರೆ ಆನೆ ಎದುರು ಸಿಗುತ್ತೆ, ತಮಾಷೆ ಅಲ್ಲ, ಕತ್ತಲಲ್ಲಿ ಹೋಗ್ಲೇಬೇಡಿ, ಬಿಸಿಲು ಬಂದ ಮೇಲೆ ಅಂಗಳದಲ್ಲೋ ಕಣದಲ್ಲೋ ಸುತ್ತು ಹಾಕಿ. ಮಳೆಗಾಲ ಮೂರು ತಿಂಗಳು ಹೊರಗೆ ಕಾಲಿಡೋಕಾಗಲ್ಲ ಅನ್ನೋದೂ ನಿಜ, ಆಗ ಜಗುಲಿ, ಮೆಟ್ಟಿಲು, ನಿಂತಲ್ಲೇ ನಡಿಗೆ. ಎದೆನೋವು, ನಡೆದ್ರೆ ಏದುಸಿರು ಇರೋರು ಮೊದ್ಲು ಡಾಕ್ಟರ್ ಕೇಳಿ ಶುರು ಮಾಡಿ.

ಇದೆಲ್ಲ ಮಾಡಿದ್ರೆ ನಿಜವಾಗ್ಲೂ ಆಗುತ್ತಾ ಅಂತ ಕೇಳೋರಿಗೆ, ನಮ್ಮ ದೇಶದಲ್ಲೇ ಬಾರ್ಡರ್ ಇರೋ 500ಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಅಧ್ಯಯನ 2006ರಲ್ಲಿ ಬಂತು. ಮಾಮೂಲಿ ಸಲಹೆ ಬಿಟ್ಟು ಬೇರೇನೂ ಇಲ್ಲದ ಗುಂಪಲ್ಲಿ 3 ವರ್ಷಕ್ಕೆ 100ಕ್ಕೆ 55 ಜನಕ್ಕೆ ಶುಗರ್ ಬಂತು, ಊಟ, ನಡಿಗೆ ಬದಲಿಸಿದ ಗುಂಪಲ್ಲಿ 39. ಆ ಗುಂಪಿನವರ ತೂಕ ಹೇಳ್ಕೊಳೋ ಅಷ್ಟು ಇಳಿದಿರಲಿಲ್ಲ, ಆದ್ರೂ ಲಾಭ ಸಿಕ್ತು. ಅದಕ್ಕೇ ತಕ್ಕಡಿ ಅಲ್ಲಾಡ್ಲಿಲ್ಲ ಅಂತ ನಡೆಯೋದು ಬಿಡ್ಬೇಡಿ. ದಪ್ಪ ಇರೋರು 80 ಕೆಜಿಗೆ 4ರಿಂದ 6 ಕೆಜಿ ಇಳಿಸಿದ್ರೆ ಇನ್ನೂ ಒಳ್ಳೇದು, ಆರು ತಿಂಗಳು ಟೈಮ್ ತಗೊಳಿ.

ನಿದ್ದೆ 7 ಗಂಟೆ ಮಾಡಿ, ಬೀಡಿ ಸಿಗರೇಟು ಬಿಡಿ. ಗೊತ್ತಿರೋದೇ, ಜಾಸ್ತಿ ಹೇಳಲ್ಲ.

ಹಂತ 6: ಮಾತ್ರೆ ಮತ್ತೆ ಗಿಡ

ಬಾರ್ಡರಿಗೆ ಕೆಲವರಿಗೆ ಡಾಕ್ಟರ್ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಕೊಡ್ತಾರೆ, ಕೆಲವರಿಗೆ ಕೊಡಲ್ಲ, ವಯಸ್ಸು, ತೂಕ, ಕಿಡ್ನಿ ನೋಡಿ ಅವರು ತೀರ್ಮಾನ ಮಾಡ್ಬೇಕು. ಅತ್ತೆ ಮಾತ್ರೆ ಡಬ್ಬಿಯಿಂದ ಸೊಸೆ ಒಂದು ನುಂಗೋದು ಬೇಡ, ಅತ್ತೆ ತಗೊಳ್ತಿರೋದು ಶುಗರ್ ಧಡಕ್ ಅಂತ ಇಳಿಸೋ ಬೇರೆ ಮಾತ್ರೆನೂ ಇರಬಹುದು.

ಹಿತ್ತಲಲ್ಲಿ ಬೆಳೆಯೋ "ಇನ್ಸುಲಿನ್ ಗಿಡ"ದಲ್ಲಿ ಇನ್ಸುಲಿನ್ ಇಲ್ಲ, ಹೆಸರು ಮಾತ್ರ. ಒಂದೆಲೆ ತಿಂದ್ರೆ ತಿನ್ನಿ, ಅದನ್ನ ನಂಬಿ ಮಾತ್ರೆ ನಿಲ್ಲಿಸ್ಬೇಡಿ. ಅಮೃತಬಳ್ಳಿ ಕಷಾಯ ದಿನಾ ಕುಡಿದು ಲಿವರ್‌ಗೆ ಪೆಟ್ಟು ಬಿದ್ದ ಕೇಸುಗಳು ವರದಿ ಆಗಿವೆ. ಪ್ಯಾಕೆಟ್ ಮೇಲೆ ಏನಿದೆ ಅಂತ ಬರೀದೇ "90 ದಿನದಲ್ಲಿ ಶುಗರ್ ಮಾಯ" ಅಂತ ಮಾರೋ ಪುಡಿ ಕೊಳ್ಳೋ ದುಡ್ಡಲ್ಲಿ ಒಂದು ಜೊತೆ ಒಳ್ಳೇ ಶೂ ಬರುತ್ತೆ.

ಹಂತ 7: ಮತ್ತೆ ಯಾವಾಗ

ಬಾರ್ಡರ್ ಅಂತ ಬಂದಿದ್ರೆ 3ರಿಂದ 6 ತಿಂಗಳಿಗೆ ಒಂದು ಸಲ ನೋಡಿ, ಆಮೇಲೆ ವರ್ಷಕ್ಕೊಮ್ಮೆ. ನಾರ್ಮಲ್ ಬಂದು ಅಂಕನೂ ಕಮ್ಮಿ ಇದ್ರೆ 3 ವರ್ಷಕ್ಕೊಮ್ಮೆ ಸಾಕು. ಎಚ್‌ಬಿಎ1ಸಿನ ತಿಂಗಳಿಗೊಮ್ಮೆ ಮಾಡಿಸೋದು ದಂಡ, ಕೆಂಪು ರಕ್ತಕಣದ ಆಯಸ್ಸೇ ಸುಮಾರು 120 ದಿನ, ಅಷ್ಟರೊಳಗೆ ಪೂರ್ತಿ ಬದಲಾವಣೆ ಕಾಣಲ್ಲ. ಹೊಟ್ಟೆ ಅಳತೆ ಮಾತ್ರ ತಿಂಗಳಿಗೊಂದು ಸಲ, ಅದೇ ಟೇಪಲ್ಲಿ, ಅದೇ ಜಾಗದಲ್ಲಿ ಅಳೆದು ಕ್ಯಾಲೆಂಡರ್ ಹಾಳೆ ಮೇಲೆ ಬರೆದಿಡಿ.

ಮುಂದಿನ ಸಲ ಲ್ಯಾಬಿಗೆ ಬರೋವಾಗ ಹಳೇ ರಿಪೋರ್ಟ್ ತನ್ನಿ, ಫೋನಲ್ಲಿ ಫೋಟೋ ಇದ್ರೂ ಆಗುತ್ತೆ. ಬೆಳಗ್ಗೆ ಬೇಗ ಬನ್ನಿ, ನೀರು ಕುಡ್ಕೊಂಡು ಬನ್ನಿ ಇಲ್ಲಾಂದ್ರೆ ನರ ಸಿಗಲ್ಲ. ತಿಂಡಿ ಡಬ್ಬೀಲಿ ತನ್ನಿ. ಕಾಫಿ ಫ್ಲಾಸ್ಕಲ್ಲಿರಲಿ, ರಕ್ತ ಕೊಟ್ಟ ಮೇಲೆ ಕುಡೀರಿ.